ದಿನಕ್ಕೆ ಎಷ್ಟು ನೀರು ಕುಡಿಯಬೇಕು? ಲೆಕ್ಕ ಅಂಗಡಿಯ ಕಾಟಾದಲ್ಲೇ ಸಿಗುತ್ತೆ

ರಾಯಚೂರು: ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಬಿಸಿಲಿಗೆ ಕೊಟ್ಟ ರಿಯಾಯಿತಿ ಅದು. ಕಿರಾಣಿ ಅಂಗಡಿಗೆ, ಗ್ಯಾರೇಜಿಗೆ, ಮಿರ್ಚಿ ಬಂಡಿಗೆ, ಎಪಿಎಂಸಿ ಹಮಾಲರಿಗೆ ಇಂಥ ಟೈಮ್ ಟೇಬಲ್ ಇಲ್ಲ. ತಗಡಿನ ಶೆಡ್ ಕೆಳಗೆ, ಬಿಸಿ ಗಾಳಿ ಊದುವ ಫ್ಯಾನ್ ಮುಂದೆ ವ್ಯಾಪಾರ ನಡೀತಾನೇ ಇರುತ್ತೆ. ಬಂದವರೆಲ್ಲ ಹೇಳುವ ಮಾತು ಒಂದೇ: ‘ನೀರು ಜಾಸ್ತಿ ಕುಡೀರಿ’. ಜಾಸ್ತಿ ಅಂದ್ರೆ ಎಷ್ಟು? ಎರಡು ಲೀಟರೋ, ನಾಲ್ಕೋ? ಚಹಾ ಲೆಕ್ಕಕ್ಕೆ ಬರುತ್ತೋ ಇಲ್ವೋ? ಇದನ್ನು ಬಿಡಿಸಿ ಹೇಳುವವರು ಕಡಿಮೆ.

ಕೃಷ್ಣಾ ಒಂದು ಕಡೆ, ತುಂಗಭದ್ರಾ ಇನ್ನೊಂದು ಕಡೆ ಹರಿಯುವ ಈ ಜಿಲ್ಲೆಯಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಇಲ್ಲಿನ ಸೆಕೆ ಕರಾವಳಿಯ ಸೆಕೆಯಂತಲ್ಲ. ಮಂಗಳೂರಿನಲ್ಲಿ ಅಂಗಿ ಒದ್ದೆಯಾಗಿ ಮೈಗೆ ಅಂಟುತ್ತದೆ, ಬೆವರಿದ್ದು ಗೊತ್ತಾಗುತ್ತದೆ. ರಾಯಚೂರಿನ ಒಣ ಗಾಳಿಯಲ್ಲಿ ಬೆವರು ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಸಂಜೆ ಅಂಗಿಯ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಕಂಡಾಗಲೇ ಎಷ್ಟು ನೀರು ಹೋಗಿದೆ ಅನ್ನೋದು ತಿಳಿಯುವುದು. ‘ನನಗೇನೂ ಬೆವರೇ ಬರಲಿಲ್ಲ’ ಅನ್ನುವವರು ಮೊದಲು ಆ ಗೆರೆ ನೋಡಬೇಕು.

ಎಂಟು ಲೋಟ ಎಲ್ಲಿಂದ ಬಂತು?

ದಿನಕ್ಕೆ ಎಂಟು ಲೋಟ ಅನ್ನುವ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಇದರ ಮೂಲ ಹುಡುಕಿದವರು ಸಾಮಾನ್ಯವಾಗಿ 1945ಕ್ಕೆ ಹೋಗಿ ನಿಲ್ಲುತ್ತಾರೆ. ಆ ವರ್ಷ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ, ದೊಡ್ಡವರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಎಂದಿತ್ತು. ಅದೇ ಜಾಗದಲ್ಲಿ, ಇದರಲ್ಲಿ ಹೆಚ್ಚಿನ ಪಾಲು ಊಟದಲ್ಲೇ ಸಿಗುತ್ತದೆ ಅಂತಲೂ ಬರೆದಿತ್ತು. ಜನ ಮೊದಲ ಮಾತು ಹಿಡಿದುಕೊಂಡರು, ಎರಡನೆಯದು ಬಿಟ್ಟುಹೋಯಿತು. 2002ರಲ್ಲಿ ಹೈಂಜ್ ವಾಲ್ಟಿನ್ ಎಂಬ ಮೂತ್ರಪಿಂಡ ತಜ್ಞರು ಈ ಎಂಟು ಲೋಟದ ನಿಯಮಕ್ಕೆ ಆಧಾರ ಏನಿದೆ ಎಂದು ಹುಡುಕಿದರು. ಆರೋಗ್ಯವಂತರೆಲ್ಲರೂ ಎಂಟು ಲೋಟ ಕುಡಿಯಲೇಬೇಕು ಎನ್ನಲು ವೈಜ್ಞಾನಿಕ ಆಧಾರ ಸಿಗಲಿಲ್ಲ ಎಂದು ಬರೆದರು.

ಹಾಗಂತ ಎಂಟು ಲೋಟ ತಪ್ಪು ಅಂತಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೂಡ ಸಾಮಾನ್ಯ ಆರೋಗ್ಯವಂತರಿಗೆ ಸುಮಾರು 2 ಲೀಟರ್, ಅಂದರೆ ಎಂಟು ಲೋಟ ಎಂದೇ ಹೇಳುತ್ತದೆ. ಜೊತೆಗೆ, ಬಿಸಿಲು ಹೆಚ್ಚಿದ್ದಾಗ, ಮೈಮುರಿದು ದುಡಿಯುವಾಗ ಇನ್ನೂ ಹೆಚ್ಚು ಬೇಕು ಅನ್ನುತ್ತದೆ. ಅಮೆರಿಕದ ವೈದ್ಯಕೀಯ ಸಂಸ್ಥೆ 2004ರಲ್ಲಿ ಕೊಟ್ಟ ಅಂಕಿ ಗಂಡಸರಿಗೆ 3.7 ಲೀಟರ್, ಹೆಂಗಸರಿಗೆ 2.7 ಲೀಟರ್. ಇದು ಊಟದೊಳಗಿನ ನೀರನ್ನೂ ಸೇರಿಸಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಹೇಳಿದ್ದು 2.5 ಮತ್ತು 2 ಲೀಟರ್. ಅಂಕಿಗಳು ಹೀಗೆ ಬೇರೆ ಬೇರೆ ಇರುವುದಕ್ಕೆ ಕಾರಣ ಸರಳ. ಊರು, ಕೆಲಸ, ಮೈಕಟ್ಟು, ಊಟ ಬದಲಾದರೆ ಅಂಕಿಯೂ ಬದಲಾಗುತ್ತದೆ. 2022ರಲ್ಲಿ 23 ದೇಶಗಳ 5,600ಕ್ಕೂ ಹೆಚ್ಚು ಜನರ ಮೈಯಲ್ಲಿ ದಿನಕ್ಕೆ ಎಷ್ಟು ನೀರು ಬಂದು ಹೋಗುತ್ತದೆ ಎಂದು ಅಳೆದ ಅಧ್ಯಯನವೊಂದು ಪ್ರಕಟವಾಯಿತು. ಅದು ಹೇಳಿದ್ದೂ ಇದನ್ನೇ: ಎಲ್ಲರಿಗೂ ಒಂದೇ ಅಂಕಿ ನಡೆಯುವುದಿಲ್ಲ.

ಜಮಾ, ಖರ್ಚು

ವ್ಯಾಪಾರಸ್ಥರಿಗೆ ಇದನ್ನು ಖಾತೆ ಪುಸ್ತಕದ ಹಾಗೆ ನೋಡಿದರೆ ಬೇಗ ಅರ್ಥವಾಗುತ್ತದೆ. ಬಿಸಿಲಿಲ್ಲದ ದಿನ, ಹೆಚ್ಚು ದಣಿಯದ ಒಬ್ಬ ವ್ಯಕ್ತಿಯ ಮೈಯಿಂದ ಮೂತ್ರದಲ್ಲಿ ಒಂದರಿಂದ ಒಂದೂವರೆ ಲೀಟರ್, ಚರ್ಮ ಮತ್ತು ಉಸಿರಿನ ಮೂಲಕ 800–900 ಮಿಲಿ, ಮಲದಲ್ಲಿ 100–200 ಮಿಲಿ ನೀರು ಹೋಗುತ್ತದೆ. ಖರ್ಚು ಸುಮಾರು ಎರಡೂವರೆ ಲೀಟರ್. ಜಮಾ ಕಡೆ, ಊಟದಿಂದ 500–700 ಮಿಲಿ ಬರುತ್ತದೆ. ಉಂಡ ಅನ್ನ, ಎಣ್ಣೆ ಮೈಯಲ್ಲಿ ಕರಗುವಾಗ ಹುಟ್ಟುವ ನೀರು 250–300 ಮಿಲಿ. ಉಳಿದ ಒಂದೂವರೆ ಲೀಟರ್ ಚಿಲ್ಲರೆಯನ್ನು ಕುಡಿದೇ ತುಂಬಬೇಕು. ಬೆವರು ಹೆಚ್ಚಾದಷ್ಟೂ ಖರ್ಚಿನ ಕಾಲಂ ಬೆಳೆಯುತ್ತದೆ.

ಕುಡಿಯಬೇಕಾದ ಪ್ರಮಾಣಕ್ಕೆ ಆಹಾರ ತಜ್ಞರು ಸಾಮಾನ್ಯವಾಗಿ ಬಳಸುವ ಅಂದಾಜು ಹೀಗಿದೆ: ಮೈತೂಕದ ಪ್ರತಿ ಕಿಲೋಗೆ 30ರಿಂದ 35 ಮಿಲಿ. 50 ಕೆಜಿ ಇದ್ದರೆ ಒಂದೂವರೆಯಿಂದ ಒಂದೂಮುಕ್ಕಾಲು ಲೀಟರ್. 60 ಕೆಜಿಗೆ 1.8ರಿಂದ 2.1 ಲೀಟರ್. 70 ಕೆಜಿಗೆ 2.1ರಿಂದ 2.45 ಲೀಟರ್. ಬೊಜ್ಜು ಇರುವವರು ತಮ್ಮ ಪೂರ್ತಿ ತೂಕಕ್ಕೆ ಗುಣಿಸಿದರೆ ಲೆಕ್ಕ ಹೆಚ್ಚಾಗಿಬಿಡುತ್ತದೆ, ಕೊಬ್ಬಿನಲ್ಲಿ ನೀರು ಕಡಿಮೆ. ಅವರು ತಮ್ಮ ಎತ್ತರಕ್ಕೆ ಇರಬೇಕಾದ ತೂಕ ಹಿಡಿಯುವುದು ಒಳ್ಳೆಯದು. ಬಸುರಿಯರಿಗೆ ಇದರ ಮೇಲೆ ಸುಮಾರು 300 ಮಿಲಿ, ಹಾಲುಣಿಸುವ ತಾಯಂದಿರಿಗೆ ಸುಮಾರು 700 ಮಿಲಿ ಸೇರುತ್ತದೆ. ಆರು ತಿಂಗಳು ತುಂಬದ ಕೂಸಿಗೆ ಮಾತ್ರ ಎಂಥ ಬಿಸಿಲಿದ್ದರೂ ಬೇರೆ ನೀರು ಬೇಡ. ಎದೆಹಾಲಿನಲ್ಲೇ ಬೇಕಾದಷ್ಟು ನೀರಿದೆ.

ಈಗ ಒಬ್ಬ ಕಿರಾಣಿ ಅಂಗಡಿ ಮಾಲೀಕರ ಲೆಕ್ಕ. ತೂಕ 70 ಕೆಜಿ. ಮೂಲ ಲೆಕ್ಕ ಸುಮಾರು ಎರಡೂವರೆ ಲೀಟರ್. ತಗಡಿನ ಕೆಳಗೆ ಇಡೀ ದಿನ ಕೂತು, ಆಗಾಗ ಎದ್ದು ಸಾಮಾನು ಇಳಿಸುವ ಕೆಲಸಕ್ಕೆ ಇನ್ನರ್ಧದಿಂದ ಒಂದು ಲೀಟರ್ ಸೇರಿಸಬೇಕು. ಒಟ್ಟು ಮೂರರಿಂದ ಮೂರೂವರೆ. ಇದರಲ್ಲಿ ಐದು ಸಣ್ಣ ಕಪ್ ಚಹಾ 400 ಮಿಲಿ, ಎರಡು ಲೋಟ ಮಜ್ಜಿಗೆ 400 ಮಿಲಿ ಕಳೆದರೆ ಉಳಿಯುವುದು 2.2ರಿಂದ 2.7 ಲೀಟರ್. ಎಚ್ಚರವಿರುವ 14 ತಾಸಿಗೆ ಹಂಚಿದರೆ ತಾಸಿಗೊಂದು ಲೋಟಕ್ಕಿಂತ ಕೊಂಚ ಕಡಿಮೆಯೇ ಆಯಿತು. ಕೇಳುವಾಗ ದೊಡ್ಡದು ಅನಿಸುವ ಮೂರು ಲೀಟರ್, ಹಂಚಿ ನೋಡಿದರೆ ಭಾರವೇನಲ್ಲ.

ಹೌದು, ಚಹಾವೂ ಲೆಕ್ಕಕ್ಕೆ ಬರುತ್ತದೆ. ಚಹಾ, ಕಾಫಿ ಮೈಯ ನೀರನ್ನು ಒಣಗಿಸುತ್ತವೆ ಅನ್ನುವ ಮಾತು ದಿನಾ ಕುಡಿದು ರೂಢಿ ಇರುವವರಿಗೆ ಹೆಚ್ಚು ಅನ್ವಯಿಸುವುದಿಲ್ಲ. ಆದರೆ ಚಹಾದ ತೊಂದರೆ ಬೇರೆ. ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದರೂ ಐದು ಕಪ್ಪಿಗೆ ಹತ್ತು ಚಮಚ ಆಯಿತು, ಶುಗರ್ ಇದ್ದವರು ಯೋಚಿಸಬೇಕು. 250 ಮಿಲಿ ಕೋಲಾ ಬಾಟಲಿಯಲ್ಲೂ 25 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಮದ್ಯವನ್ನು ಮಾತ್ರ ಜಮಾ ಕಡೆ ಬರೆಯುವ ಹಾಗೇ ಇಲ್ಲ. ಊಟದ ವಿಷಯಕ್ಕೆ ಬಂದರೆ, ಕಲ್ಲಂಗಡಿ, ಸೌತೆಕಾಯಿ, ಟೊಮ್ಯಾಟೊಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗ ನೀರೇ. ಬೆಂದ ಅನ್ನದಲ್ಲೂ ಮೂರನೇ ಎರಡು ಭಾಗ ನೀರು. ರೊಟ್ಟಿಯಲ್ಲಿ ಅಷ್ಟಿಲ್ಲ, ಕಟಕ್ ರೊಟ್ಟಿಯಲ್ಲಂತೂ ಕೇಳಲೇಬೇಡಿ. ಬೇಸಿಗೆಯಲ್ಲಿ ಜೋಳದ ಅಂಬಲಿ, ನುಚ್ಚು ಮಜ್ಜಿಗೆ ಕುಡಿದು ಹೊಲಕ್ಕೆ ಹೋಗುತ್ತಿದ್ದ ಹಿರಿಯರು ಊಟ, ನೀರು, ಉಪ್ಪು ಮೂರನ್ನೂ ಒಂದೇ ತಂಬಿಗೆಯಲ್ಲಿ ಮುಗಿಸುತ್ತಿದ್ದರು.

ಲೆಕ್ಕ ಹಾಕುವ ಮೊದಲು ಒಂದು ಕೆಲಸ ಮಾಡಿಟ್ಟುಕೊಳ್ಳಬೇಕು. ಮನೆಯ ಲೋಟ, ತಂಬಿಗೆ, ಚೊಂಬು ಎಷ್ಟು ಹಿಡಿಯುತ್ತದೆ ಅಂತ ಒಂದು ಲೀಟರಿನ ಖಾಲಿ ಬಾಟಲಿಯಿಂದ ಒಮ್ಮೆ ಅಳೆದು ನೋಡಬೇಕು. ಒಬ್ಬರ ಲೋಟ 150 ಮಿಲಿ, ಇನ್ನೊಬ್ಬರದ್ದು 300. ಇಬ್ಬರೂ ‘ಎಂಟು ಲೋಟ ಕುಡಿದೆ’ ಅಂದರೆ ಒಬ್ಬರು ಇನ್ನೊಬ್ಬರ ದುಪ್ಪಟ್ಟು ಕುಡಿದಿರುತ್ತಾರೆ.

ಹಮಾಲರ ಲೆಕ್ಕ ಬೇರೆ

ಹತ್ತಿ ಅಂಡಿಗೆ, ಭತ್ತದ ಚೀಲ ಹೊರುವವರಿಗೆ, ಉದ್ಯೋಗ ಖಾತ್ರಿಯಲ್ಲಿ ಹೂಳು ತೆಗೆಯುವವರಿಗೆ, ಸೆಂಟ್ರಿಂಗ್ ಕೆಲಸದವರಿಗೆ ಕಿಲೋಗೆ 35 ಮಿಲಿ ಅನ್ನುವ ಸೂತ್ರ ಸಾಲುವುದೇ ಇಲ್ಲ. ಬಿಸಿಲಿನಲ್ಲಿ ಮೈಮುರಿದು ದುಡಿಯುವವರಿಗೆ ತಾಸಿಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುವುದು ಸಾಮಾನ್ಯ, ಕೆಲವರಿಗೆ ಇನ್ನೂ ಹೆಚ್ಚು. ಯಾರಿಗೆ ಎಷ್ಟು ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಅದಕ್ಕೆ ಬೇಕಾದ ಸಾಧನ ಅಂಗಡಿಯಲ್ಲೇ ಬಿದ್ದಿರುತ್ತದೆ: ಚೀಲ ತೂಗುವ ಕಾಟಾ.

ಕೆಲಸ ಶುರು ಮಾಡುವ ಮೊದಲು ಮೂತ್ರ ಮಾಡಿಬಂದು, ಕಡಿಮೆ ಬಟ್ಟೆಯಲ್ಲಿ ಕಾಟಾ ಮೇಲೆ ನಿಂತು ತೂಕ ನೋಡಬೇಕು. ಎರಡು ತಾಸು ಕೆಲಸ ಮಾಡಿದ ಮೇಲೆ ಮೈ ಒರೆಸಿಕೊಂಡು, ಅಷ್ಟೇ ಬಟ್ಟೆಯಲ್ಲಿ ಮತ್ತೆ ನಿಲ್ಲಬೇಕು. ನಡುವೆ ಎಷ್ಟು ನೀರು ಕುಡಿದರು ಎಂಬುದು ನೆನಪಿರಲಿ. ಉದಾಹರಣೆಗೆ, ಮೊದಲು 62 ಕೆಜಿ ಇದ್ದವರು ಆಮೇಲೆ 60.6ಕ್ಕೆ ಇಳಿದರು. ನಡುವೆ ಒಂದು ಲೀಟರ್ ಕುಡಿದಿದ್ದರು, ಮೂತ್ರಕ್ಕೆ ಹೋಗಿರಲಿಲ್ಲ. ಒಂದು ಕಿಲೋ ಅಂದರೆ ಒಂದು ಲೀಟರ್ ನೀರು. ಇಳಿದ 1.4, ಕುಡಿದ 1, ಒಟ್ಟು 2.4 ಲೀಟರ್ ಬೆವರು ಹೋಗಿದೆ. ತಾಸಿಗೆ 1.2 ಲೀಟರ್ ಆಯಿತು. ನಾಲ್ಕು ತಾಸು ಇದೇ ಕೆಲಸ ಮಾಡಿದರೆ 4.8 ಲೀಟರ್. ಎಂಟು ಲೋಟದ ನಿಯಮ ಇವರ ಅರ್ಧ ದಿನಕ್ಕೂ ಸಾಲದು.

ಮೈತೂಕದ ನೂರಕ್ಕೆ ಎರಡು ಭಾಗದಷ್ಟು ನೀರು ಕಡಿಮೆಯಾದರೆ ಕೆಲಸದ ಕಸುವು ಇಳಿಯುತ್ತದೆ, ತಲೆ ಭಾರವಾಗುತ್ತದೆ, ಕೈ ತಪ್ಪುತ್ತದೆ. 62 ಕೆಜಿಯವರಿಗೆ ಅದು ಒಂದೂಕಾಲು ಲೀಟರ್ ಮಾತ್ರ. ಮೇಲಿನ ಉದಾಹರಣೆಯ ವ್ಯಕ್ತಿ ಎರಡೇ ತಾಸಿನಲ್ಲಿ ಆ ಗೆರೆ ದಾಟಿದ್ದಾನೆ. ಭಾರ ಹೊತ್ತು ಲಾರಿಯ ಹಲಗೆ ಹತ್ತುವಾಗ ಕಾಲು ಜಾರಿದರೆ ಏನಾಗುತ್ತದೆ ಎಂದು ಹಮಾಲರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬಾಯಾರಿಕೆ ಆದ ಮೇಲೆ ಒಂದೇ ಸಲಕ್ಕೆ ಅರ್ಧ ಚೊಂಬು ಎತ್ತಿ ಕುಡಿಯುವುದು ನಮ್ಮ ಕಡೆ ರೂಢಿ. ಅದರ ಬದಲು, ಬಿಸಿಲಲ್ಲಿ ಕೆಲಸ ಮಾಡುವವರು 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿ ಕುಡಿಯಬೇಕು ಅನ್ನುವುದು ಕಾರ್ಮಿಕರ ಆರೋಗ್ಯ ನೋಡುವ ಅಮೆರಿಕದ ಸಂಸ್ಥೆಗಳ ಸಲಹೆ. ತಾಸಿಗೆ ಮುಕ್ಕಾಲರಿಂದ ಒಂದು ಲೀಟರ್ ಆಗುತ್ತದೆ. ತಾಸಿಗೆ ಒಂದೂವರೆ ಲೀಟರ್ ದಾಟಬಾರದು ಅಂತಲೂ ಅದೇ ಸಂಸ್ಥೆಗಳು ಹೇಳುತ್ತವೆ. ಬಾಕಿ ಉಳಿದದ್ದನ್ನು ಊಟದ ಹೊತ್ತಿಗೆ, ಸಂಜೆಗೆ ತುಂಬಿಕೊಳ್ಳಬೇಕು. ಎರಡು ತಾಸಿಗಿಂತ ಹೆಚ್ಚು ಬೆವರು ಸುರಿಸುವ ಕೆಲಸವಿದ್ದರೆ ಬರೀ ನೀರು ಬೇಡ, ಉಪ್ಪು ಹಾಕಿದ ಮಜ್ಜಿಗೆಯೋ ನಿಂಬೆ ಶರಬತ್ತೋ ನಡುವೆ ಇರಲಿ. ಮಾಲೀಕರು ನೀರಿನ ಕ್ಯಾನ್ ಇಡುವ ಜಾಗವೂ ಮುಖ್ಯ. ಅದು ಗೋದಾಮಿನ ಆ ತುದಿಯಲ್ಲಿದ್ದರೆ ಯಾರೂ 20 ನಿಮಿಷಕ್ಕೊಮ್ಮೆ ನಡೆದು ಹೋಗಲ್ಲ. ಕೆಲಸದ ಜಾಗದ ಪಕ್ಕದಲ್ಲೇ, ನೆರಳಲ್ಲಿ ಇದ್ದರೆ ಕುಡೀತಾರೆ.

ಮೈ ಕೊಡುವ ರಸೀದಿ

ಇಷ್ಟೆಲ್ಲ ಗುಣಿಸಿ ಕೂಡಿಸಿದ ಮೇಲೂ ಲೆಕ್ಕ ಸರಿಯಾಯಿತೇ ಎಂದು ನೋಡಲು ಮೂತ್ರದ ಬಣ್ಣವೇ ಸಾಕು. ನೀರು ಬೆರೆಸಿದ ನಿಂಬೆ ಶರಬತ್ತಿನಂತೆ ತಿಳಿ ಹಳದಿ ಇದ್ದರೆ ಸರಿ. ಕುಸುಬೆ ಎಣ್ಣೆಯಂತೆ ಗಾಢ ಹಳದಿ ಇದ್ದರೆ ನೀರು ಸಾಲದು. ಚಹಾ ಡಿಕಾಕ್ಷನ್ ಬಣ್ಣ ಬಂದರೆ ನೀರು ಕುಡಿದು ಕಾಯುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಬೆಳಗಿನ ಮೊದಲ ಮೂತ್ರ ಎಲ್ಲರಿಗೂ ಗಾಢವಾಗಿಯೇ ಇರುತ್ತದೆ, ಅದರಿಂದ ತೀರ್ಮಾನ ಮಾಡಬಾರದು. ಬಿ ಕಾಂಪ್ಲೆಕ್ಸ್ ಗುಳಿಗೆ ನುಂಗಿದರೆ ಕಡು ಹಳದಿ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ನುಂಗಿದರೆ ಕೇಸರಿ, ಬೀಟ್‌ರೂಟ್ ತಿಂದರೆ ಕೆಂಪು ಬರುವುದುಂಟು. ಮಧ್ಯಾಹ್ನ ಊಟದ ನಂತರದ ಬಣ್ಣ ನೋಡುವುದು ಸೂಕ್ತ. ಬೆಳಗ್ಗೆ ಅಂಗಡಿ ತೆರೆದವರು ಮೂರು ಗಂಟೆಯಾದರೂ ಒಮ್ಮೆಯೂ ಮೂತ್ರಕ್ಕೆ ಹೋಗಿಲ್ಲ ಅಂದರೆ ಬಣ್ಣ ನೋಡುವುದೂ ಬೇಡ, ನೀರು ಸಾಲದು ಎಂದೇ ಅರ್ಥ. ಅರವತ್ತು ದಾಟಿದವರಿಗೆ ಬಾಯಾರಿಕೆಯೇ ಸರಿಯಾಗಿ ಆಗುವುದಿಲ್ಲ. ಅವರು ಬಾಯಾರಿಕೆ ನಂಬದೆ ಗಡಿಯಾರ ನೋಡಿ ಕುಡಿಯಬೇಕು.

ಇಲ್ಲಿ ಒಂದು ಮಾತು ಬಿಡುವಂತಿಲ್ಲ. ಬಟ್ಟೆ ಅಂಗಡಿ, ಫ್ಯಾನ್ಸಿ ಸ್ಟೋರುಗಳಲ್ಲಿ ನಿಂತು ಕೆಲಸ ಮಾಡುವ ಹುಡುಗಿಯರು, ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರು ನೀರು ಕುಡಿಯದೇ ಇರುವುದು ಮರೆತು ಅಲ್ಲ. ಕುಡಿದರೆ ಹೋಗೋದು ಎಲ್ಲಿಗೆ? ತಾಲ್ಲೂಕು ಕೇಂದ್ರಗಳ ಬಜಾರುಗಳಲ್ಲಿ ಹೆಂಗಸರು ಧೈರ್ಯವಾಗಿ ಹೋಗಬಹುದಾದ ಶೌಚಾಲಯ ಎಷ್ಟಿವೆ ಎಂದು ಎಣಿಸಲು ಒಂದು ಕೈ ಬೆರಳು ಸಾಕು. ಬೆಳಗ್ಗೆ ಮನೆಯಲ್ಲಿ ಅರ್ಧ ಲೋಟ ಕುಡಿದು ರಾತ್ರಿ ಎಂಟರವರೆಗೆ ತಡೆದುಕೊಳ್ಳುವವರಿಗೆ ಉರಿಮೂತ್ರ, ಸೋಂಕು, ಕಿಡ್ನಿ ಕಲ್ಲು ಬರುವ ಸಾಧ್ಯತೆ ಹೆಚ್ಚು. ಒಂದು ಸಲ ಕಲ್ಲು ಬಂದವರಿಗೆ ನೀರೇ ಔಷಧ. 1996ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ, ಹೆಚ್ಚು ನೀರು ಕುಡಿದು ದಿನಕ್ಕೆ ಎರಡು ಲೀಟರಿಗಿಂತ ಹೆಚ್ಚು ಮೂತ್ರ ಹೋಗುವಂತೆ ನೋಡಿಕೊಂಡವರಲ್ಲಿ ಐದು ವರ್ಷದೊಳಗೆ ನೂರಕ್ಕೆ 12 ಮಂದಿಗೆ ಕಲ್ಲು ಮರಳಿತ್ತು. ಹಾಗೆ ಮಾಡದವರಲ್ಲಿ ನೂರಕ್ಕೆ 27 ಮಂದಿಗೆ. ಈಗ ವೈದ್ಯರು ಕಲ್ಲು ಇದ್ದವರಿಗೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಲು ಹೇಳುತ್ತಾರೆ. ಅಂಗಡಿ ಹಿಂದಿನ ಶೌಚಾಲಯದ ಬೀಗದ ಕೈಯನ್ನು ಮಾಲೀಕರು ಕೆಲಸದವರ ಕೈಗೂ ಸಿಗುವ ಮೊಳೆಗೆ ನೇತುಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು.

ಇವರು ಹೆಚ್ಚು ಕುಡಿಯಬಾರದು

ಹೃದಯ ದುರ್ಬಲವಾಗಿ ಕಾಲು ಬಾವು ಬರುವವರು, ಕಿಡ್ನಿ ಕೆಲಸ ಕಡಿಮೆಯಾದವರು, ಡಯಾಲಿಸಿಸ್ ಮಾಡಿಸುವವರು, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರು ಮೇಲಿನ ಯಾವ ಲೆಕ್ಕವನ್ನೂ ತಮಗೆ ಹಚ್ಚಿಕೊಳ್ಳಬಾರದು. ಅವರಿಗೆ ವೈದ್ಯರು ಬರೆದುಕೊಟ್ಟ ಮಿಲಿಯೇ ಅಂತಿಮ. ‘ಬಿಸಿಲು ಜಾಸ್ತಿ ಐತಿ, ಇನ್ನೊಂದು ಲೋಟ ಕುಡಿ ಅಪ್ಪಾ’ ಅಂತ ಪ್ರೀತಿಯಿಂದ ಒತ್ತಾಯ ಮಾಡುವ ಮನೆಮಂದಿಗೂ ಇದು ಗೊತ್ತಿರಬೇಕು. ಇನ್ನು, ಎಷ್ಟು ಕುಡಿದರೂ ಬಾಯಾರಿಕೆ ತೀರದೆ ರಾತ್ರಿ ನಾಲ್ಕೈದು ಸಲ ಏಳುವವರು ಒಮ್ಮೆ ಶುಗರ್ ಪರೀಕ್ಷೆ ಮಾಡಿಸಬೇಕು.

ಆರೋಗ್ಯವಂತರಿಗೂ ಮಿತಿ ಇದೆ. ಕಿಡ್ನಿಗಳು ತಾಸಿಗೆ ಹೆಚ್ಚೆಂದರೆ ಸುಮಾರು ಒಂದು ಲೀಟರ್ ನೀರು ಹೊರಹಾಕಬಲ್ಲವು. ಅದಕ್ಕಿಂತ ಬಹಳ ವೇಗವಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಮಿದುಳು ಊದಿಕೊಳ್ಳುತ್ತದೆ. 2007ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ಕೇಂದ್ರವೊಂದು, ಮೂತ್ರಕ್ಕೆ ಹೋಗದೆ ಯಾರು ಹೆಚ್ಚು ನೀರು ಕುಡಿಯುತ್ತಾರೆ ಎಂದು ಸ್ಪರ್ಧೆ ಇಟ್ಟಿತ್ತು. ಅದರಲ್ಲಿ ಭಾಗವಹಿಸಿದ ಮಹಿಳೆಯೊಬ್ಬರು ಅದೇ ದಿನ ತೀರಿಕೊಂಡರು. ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಎರಡು ಲೀಟರ್ ಇಳಿಸಿ ಅನ್ನುವ ವಾಟ್ಸ್‌ಆ್ಯಪ್ ಸಂದೇಶ ಬಂದಾಗ ಇದನ್ನು ನೆನೆಸಿಕೊಳ್ಳಬಹುದು. ಒಂದು ಅಥವಾ ಎರಡು ಲೋಟ ಸಾಕು.

ಒಆರ್‌ಎಸ್ ಮಾರುವವರಿಗೆ

ವಾಂತಿ ಭೇದಿ ಆದಾಗ ಬರೀ ನೀರು ಸಾಲದು, ಒಆರ್‌ಎಸ್ ಬೇಕು. ಬಣ್ಣದ ಡಬ್ಬಿಗಳಲ್ಲಿ ಬರುತ್ತಿದ್ದ ಸಿಹಿ ಪಾನೀಯಗಳನ್ನೂ ಒಆರ್‌ಎಸ್ ಎಂದೇ ಕೇಳಿ ಒಯ್ಯುವ ಗಿರಾಕಿಗಳಿದ್ದಾರೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯದ ಮೇಲೆ ಒಆರ್‌ಎಸ್ ಎಂಬ ಪದವನ್ನೇ ಬಳಸಬಾರದು ಎಂದು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಹೊರಡಿಸಿತು. ಸಕ್ಕರೆ ಹೆಚ್ಚಿರುವ ಪಾನೀಯ ಕೊಟ್ಟರೆ ಮಗುವಿನ ಭೇದಿ ಇನ್ನೂ ಹೆಚ್ಚಾಗುತ್ತದೆ. ಪ್ಯಾಕೆಟ್ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಕಲಕಿದರೆ ನಡೆಯುತ್ತದೆ. ಚಮಚ ತುಂಬಿ ತುಳುಕಬಾರದು, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಬಿಸಿಲು ಬಡಿದು ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹುಯ್ಯಬಾರದು. ನೆರಳಿಗೆ ತಂದು, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು.

ಯಾವ ನೀರು?

ಹೆಚ್ಚು ಕುಡಿಯುವವರು ಯಾವ ನೀರು ಕುಡಿಯುತ್ತಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. 1.5 ಇರುವ ನೀರನ್ನು ಎರಡು ಲೀಟರ್ ಕುಡಿದವರ ಮೈಗೆ 3 ಮಿಲಿಗ್ರಾಂ ಸೇರಿದರೆ, ಅದೇ ನೀರನ್ನು ಹೊಲದಲ್ಲಿ ಆರು ಲೀಟರ್ ಕುಡಿದವರ ಮೈಗೆ 9 ಮಿಲಿಗ್ರಾಂ ಸೇರುತ್ತದೆ. ಹಲ್ಲು ಕಂದುವುದು, ಗಂಟು ಹಿಡಿಯುವುದು ಇಂಥ ಕಡೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳ ಆರ್‌ಒ ಯಂತ್ರ ಸರಿಯಾಗಿದ್ದರೆ ಫ್ಲೋರೈಡ್ ಬಹುಪಾಲು ತೆಗೆಯುತ್ತದೆ. ಆದರೆ ಜನ ಮನೆಗೆ ಕ್ಯಾನ್ ನೀರು ತಂದು, ಹೊಲಕ್ಕೆ ಹೋದಾಗ ಅಲ್ಲಿನ ಬೋರ್‌ವೆಲ್ ನೀರನ್ನೇ ಕುಡಿಯುತ್ತಾರೆ. ದಿನದ ಹೆಚ್ಚಿನ ನೀರು ಒಳಗೆ ಹೋಗುವುದು ಹೊಲದಲ್ಲೇ. ಜಲ ಜೀವನ್ ಮಿಷನ್ ಅಡಿ ಹಳ್ಳಿಗಳ ಹೆಂಗಸರಿಗೆ ಸ್ಥಳದಲ್ಲೇ ನೀರು ಪರೀಕ್ಷೆ ಮಾಡುವ ತರಬೇತಿ, ಕಿಟ್ ಕೊಡಲಾಗಿದೆ. ಹೊಲದ ಬೋರ್‌ವೆಲ್ಲಿನ ಒಂದು ಬಾಟಲಿ ನೀರು ಒಯ್ದು ಕೊಟ್ಟು, ಫ್ಲೋರೈಡ್ ಎಷ್ಟಿದೆ ನೋಡಿಕೊಡಿ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಬಹುದು.